ಕ್ರೂಸ್ ಹಡಗಿನಿಂದ ಇಳಿದು ಕಾಡಿಗೆ: ಅಲಾಸ್ಕಾದ ಜೂನೋದಲ್ಲಿ ನಾಲ್ಕೂವರೆ ಗಂಟೆ

ಹಿಮನದಿ ನೋಡುವುದೊಂದೇ ಆಸೆಯಾದರೆ ಈ ಚಾರಣಕ್ಕೆ ದುಡ್ಡು ಹಾಕಬೇಡಿ. ಬಸ್ಸಿನಲ್ಲಿ ಹೋಗಿ, ಫೋಟೋ ತೆಗೆದುಕೊಂಡು ಬನ್ನಿ, ಸಾಕು. ಕಾಡು ನೋಡಬೇಕು ಅನ್ನಿಸಿದರೆ, ಮೊಣಕಾಲು ಹೇಳಿದ ಮಾತು ಕೇಳುವ ಹಾಗಿದ್ದರೆ, ಮಳೆಯಲ್ಲಿ ನೆನೆದರೆ ಗೊಣಗುವ ಸ್ವಭಾವ ಇಲ್ಲದಿದ್ದರೆ ಖಂಡಿತ ಹೋಗಿ. ನಾವು ನಾಲ್ಕು ಜನ ಹೋಗಿದ್ದೆವು. ಮೂವರಿಗೆ ತುಂಬಾ ಇಷ್ಟವಾಯಿತು. ನಾಲ್ಕನೆಯವರು ನಮ್ಮ ಯಜಮಾನರು, ಅವರ ಕಥೆ ಮುಂದೆ ಬರುತ್ತದೆ.

2024ರ ಜುಲೈ ಮೊದಲ ವಾರದ ಮಾತು. ಮಗಳು, ಅಳಿಯ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದಾರೆ. ಅಲ್ಲಿಂದಲೇ ಹೊರಡುವ ಏಳು ದಿನದ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋದರು. ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆಲ್ಲ ಈಗ ಇದೂ ಒಂದು ಶಾಸ್ತ್ರ ಆಗಿದೆ, ಅಲ್ವಾ? ನಯಾಗರಾ ಆಯಿತು, ಲಾಸ್ ವೇಗಸ್ ಆಯಿತು, ಆಮೇಲೆ ಅಲಾಸ್ಕಾ. ಒಂದು ವಿಷಯ ಮಾತ್ರ ಮೊದಲೇ ತಿಳಿದುಕೊಂಡಿರಿ. ಸಿಯಾಟಲ್‌ನಿಂದ ಹೊರಡುವ ಈ ದೊಡ್ಡ ಹಡಗುಗಳೆಲ್ಲ ವಾಪಸ್ ಬರುವಾಗಲೋ ಹೋಗುವಾಗಲೋ ಕೆನಡಾದ ಒಂದು ಬಂದರು ಮುಟ್ಟಲೇಬೇಕು. 1886ರ ಒಂದು ಹಳೇ ಕಾನೂನು, ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನ ಹತ್ತಿಸಿಕೊಂಡು ಸುಮ್ನೆ ಅಮೆರಿಕದ ಬಂದರುಗಳನ್ನೇ ಸುತ್ತಿಸಿ ತಂದು ಬಿಡುವಂತಿಲ್ಲ. ಹಾಗಾಗಿ ಸಂಜೆ ಹೊತ್ತು ನಾಲ್ಕು ಗಂಟೆ ವಿಕ್ಟೋರಿಯಾದಲ್ಲಿ ನಿಲ್ಲಿಸುತ್ತಾರೆ. ಆ ನಾಲ್ಕು ಗಂಟೆಗಾಗಿ ನಮ್ಮಂಥ ಭಾರತದ ಪಾಸ್‌ಪೋರ್ಟಿನವರು ಕೆನಡಾ ವೀಸಾ ಮಾಡಿಸಬೇಕು. ಮಗಳು ಊರಿಂದ ಹೊರಡುವ ಮೊದಲೇ ಮಾಡಿಸಿದ್ದಳು, ಬಚಾವ್.

ಈಗ ಚಾರಣ. ಹಡಗಿನ ಆಪ್‌ನಲ್ಲೇ ಬುಕ್ ಮಾಡಿದ್ದು, ತಲೆಗೆ 139 ಡಾಲರ್. ರೂಪಾಯಿಗೆ ತಿರುಗಿಸಬೇಡ ಅಮ್ಮ ಅಂತ ಮಗಳು ಹೇಳಿದಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವಳು ನಾನು, ತಿರುಗಿಸದೆ ಇರಲಿಕ್ಕೆ ಆಗುತ್ತದೆಯೇ? ನಾಲ್ಕು ಜನಕ್ಕೆ 46,000 ರೂಪಾಯಿ ಮೇಲೆ, ಟಿಪ್ಸ್ ಬೇರೆ. ಹೊರಗಡೆ ನೇರವಾಗಿ ಊರಿನವರ ಹತ್ತಿರ ಬುಕ್ ಮಾಡಿದರೆ ಕಡಿಮೆಗೆ ಸಿಗುತ್ತದೆ. ಆದರೆ ಹಡಗಿನ ಮೂಲಕ ಹೋದ ಗುಂಪು ತಡವಾಗಿ ಬಂದರೆ ಹಡಗು ಕಾಯುತ್ತದೆ, ನಾವೇ ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಜೂನೋದಲ್ಲಿ ಹಡಗು ತಪ್ಪಿದರೆ ಟ್ಯಾಕ್ಸಿ ಹಿಡಿದು ಮುಂದಿನ ಊರಿಗೆ ಹೋಗಲಿಕ್ಕೂ ಆಗುವುದಿಲ್ಲ. ಅಲಾಸ್ಕಾದ ರಾಜಧಾನಿ ಅದು, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ವಿಮಾನ, ಇಲ್ಲವೇ ದೋಣಿ. ಹಿಂದೆ ಹಿಮದ ಬೆಟ್ಟ, ಮುಂದೆ ಸಮುದ್ರ, ನಡುವೆ ಮೂವತ್ತು ಸಾವಿರ ಚಿಲ್ಲರೆ ಜನ. ನಾವು ಹೋದ ದಿನ ಐದು ಹಡಗು ನಿಂತಿದ್ದವು. ದಿನಕ್ಕೆ ಐದು ದೊಡ್ಡ ಹಡಗಿಗಿಂತ ಜಾಸ್ತಿ ಬೇಡ ಅಂತ ಊರಿನವರು ಕ್ರೂಸ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡದ್ದು ಅದೇ 2024ರಿಂದ ಜಾರಿ. ಐದೇ ಅಂದರೂ ಹತ್ತು ಸಾವಿರಕ್ಕಿಂತ ಜಾಸ್ತಿ ಜನ ಒಂದೇ ಬೀದಿಗೆ ಇಳಿಯುತ್ತಾರೆ, ಸಾಗರದ ಮಾರಿಜಾತ್ರೆ ನೆನಪಾಯಿತು. ಬೀದಿ ತುಂಬಾ ವಜ್ರದ ಅಂಗಡಿ ಯಾಕೆ ಅಂತ ಮಾತ್ರ ನನಗೆ ಕೊನೆವರೆಗೂ ಅರ್ಥ ಆಗಲಿಲ್ಲ. ಹಿಮನದಿ ನೋಡಲು ಬಂದವರು ಓಲೆ ಯಾಕೆ ಕೊಳ್ಳುತ್ತಾರೆ?

ಮಧ್ಯಾಹ್ನ ಎರಡೂಕಾಲಿಗೆ ದಡದಲ್ಲಿ ಬೋರ್ಡ್ ಹಿಡಿದು ನಿಂತವರ ಹತ್ತಿರ ಸೇರಬೇಕಿತ್ತು. ಬಸ್ ಬಂದದ್ದು ಮೂರು ಗಂಟೆಗೆ. ಮುಕ್ಕಾಲು ಗಂಟೆ ಜಿಟಿಜಿಟಿ ಮಳೆಯಲ್ಲಿ ನಿಂತೆವು, ಯಾಕೆ ತಡ ಅಂತ ಯಾರೂ ಬಾಯಿ ಬಿಡಲಿಲ್ಲ, ಕ್ಷಮಿಸಿ ಅಂತಲೂ ಹೇಳಲಿಲ್ಲ. ಈ ಮುಕ್ಕಾಲು ಗಂಟೆ ಆಮೇಲೆ ನಮಗೆ ಹೇಗೆ ಹೊಡೆಯಿತು ಅಂತ ಹೇಳುತ್ತೇನೆ. ಬಸ್ಸಿನಲ್ಲೇ ಎಲ್ಲರಿಗೂ ಒಂದೊಂದು ಚೀಲ ಕೊಟ್ಟರು. ಮಳೆಯಂಗಿ, ಮಳೆ ಪ್ಯಾಂಟು, ಕೈಗವಸು, ನೀರಿನ ಬಾಟಲಿ, ಒಂದು ತಿಂಡಿ ಪೊಟ್ಟಣ. ನನಗೆ ಸಿಕ್ಕ ಪ್ಯಾಂಟಿನಲ್ಲಿ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು, ಎಡಗಾಲಿನ ಹೊಲಿಗೆಯೂ ಬಿಟ್ಟಿತ್ತು. ಸೀರೆ ಎತ್ತಿಕಟ್ಟುವ ಹಾಗೆ ಸೊಂಟದ ಹತ್ತಿರ ಮಡಚಿ ಮಗಳ ಕೂದಲಿನ ರಬ್ಬರ್‌ಬ್ಯಾಂಡ್ ಹಾಕಿ ನಿಲ್ಲಿಸಿದೆ. ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಬರೆದಿದ್ದೆವು. ಪೊಟ್ಟಣ ಬಿಚ್ಚಿದರೆ ಒಣಗಿಸಿದ ಮೀನು. ಕೇಳಿದ ಮೇಲೆ ಒಂದು ಸೇಬು, ಒಂದು ಓಟ್ಸ್ ಬಾರ್ ಕೊಟ್ಟರು. ನಾನು ತಂದಿದ್ದ ಕೋಡುಬಳೆ ತೆಗೆದರೆ, ಇದನ್ನು ಇಲ್ಲೇ ತಿಂದು ಮುಗಿಸಿ, ಉಳಿದದ್ದು ಬಸ್ಸಿನಲ್ಲೇ ಬಿಟ್ಟು ಇಳಿಯಿರಿ ಅಂದಳು ಗೈಡ್. ಹಿಮನದಿ ಸುತ್ತಮುತ್ತ ಕರಡಿ ಓಡಾಡುತ್ತದೆ, ತಿಂಡಿ ವಾಸನೆ ಅಭ್ಯಾಸ ಆದರೆ ಜನರ ಹಿಂದೆ ಬರಲು ಶುರು ಮಾಡುತ್ತದೆ, ಕೊನೆಗೆ ಜೀವ ಹೋಗುವುದು ಕರಡಿಯದ್ದೇ. ಸರಿ ಅಂತ ಆಕೆಗೂ ಎರಡು ಕೋಡುಬಳೆ ಕೊಟ್ಟೆ. ತಿಂದು, ಇನ್ನೂ ಇದೆಯಾ ಅಂದಳು.

ಈ ಗೈಡ್ ಹುಡುಗಿಯ ಬಗ್ಗೆ ಹೇಳಲೇಬೇಕು. ಇಪ್ಪತ್ತೈದು ಇರಬಹುದು ವಯಸ್ಸು, ಅದೇ ಊರಿನವಳು, ಕಾಲಿಗೆ ಕಂದು ಬಣ್ಣದ ರಬ್ಬರ್ ಬೂಟು. ನಮ್ಮೂರಲ್ಲಿ ಮದುವೆಗೂ ಇದನ್ನೇ ಹಾಕಿಕೊಂಡು ಹೋಗುತ್ತೇವೆ ಅಂದಳು. ನಾವು ಕೊಟ್ಟ ದುಡ್ಡಿಗೆ ಬೆಲೆ ಬಂದದ್ದು ಇವಳಿಂದ. ಹಡಗಿನವರಿಂದಲ್ಲ, ಬಸ್ಸಿನವರಿಂದಲ್ಲ.

ಊರಿಂದ ಮೆಂಡೆನ್‌ಹಾಲ್ ಹಿಮನದಿಗೆ ಸುಮಾರು 19 ಕಿಲೋಮೀಟರ್. ದಾರಿಯಲ್ಲಿ ನದಿ ಪಕ್ಕದ ಮನೆಗಳನ್ನು ತೋರಿಸಿದಳು. ಹಿಮನದಿಯ ಮೇಲುಗಡೆ ಒಂದು ಕಣಿವೆಯಲ್ಲಿ ಕರಗಿದ ನೀರು ಕಟ್ಟಿಕೊಂಡು, ಒಂದು ದಿನ ಇದ್ದಕ್ಕಿದ್ದ ಹಾಗೆ ಮಂಜಿನ ಅಡಿಯಿಂದ ದಾರಿ ಮಾಡಿಕೊಂಡು ನುಗ್ಗುತ್ತದಂತೆ. 2011ರಿಂದ ಶುರುವಾದದ್ದು. 2023ರ ಆಗಸ್ಟ್‌ನಲ್ಲಿ ಮನೆಯೇ ನದಿಗೆ ಕುಸಿದು ಬಿದ್ದಿತ್ತು. ಆಗ ಸುಮ್ನೆ ಕೇಳಿಸಿಕೊಂಡೆವು. ನಾವು ವಾಪಸ್ ಬಂದು ಒಂದು ತಿಂಗಳಿಗೆ, 2024ರ ಆಗಸ್ಟ್‌ನಲ್ಲಿ ಮತ್ತೆ ನೆರೆ ಬಂತು, ನೂರಾರು ಮನೆಗೆ ನೀರು ನುಗ್ಗಿತು. ಸುದ್ದಿಯಲ್ಲಿ ಅದೇ ಬೀದಿ ಕಂಡಾಗ ಆ ಹುಡುಗಿಯ ಮನೆ ಎಲ್ಲಿತ್ತೋ ಅಂತ ಯೋಚನೆಯಾಯಿತು.

ನಾವು ನಡೆದದ್ದು ಈಸ್ಟ್ ಗ್ಲೇಸಿಯರ್ ದಾರಿ. ಸುಮಾರು ಐದೂವರೆ ಕಿಲೋಮೀಟರಿನ ಸುತ್ತು. ಹನ್ನೆರಡು ಜನ, ಒಬ್ಬಳು ಗೈಡ್. ಆಪ್‌ನಲ್ಲಿ 'ಮಾಡರೇಟ್' ಅಂತ ಬರೆದಿತ್ತು. ಈ ಪದವನ್ನು ನಂಬಬೇಡಿ. ನಮ್ಮ ಮಲೆನಾಡಿನಲ್ಲಿ 'ಇಲ್ಲೇ, ಹತ್ತಿರ' ಅಂದರೆ ಎರಡು ಮೈಲಿ ಅಲ್ವಾ, ಹಾಗೇ ಇದು. ಮೊದಲ ಅರ್ಧ ಗಂಟೆ ಸಲೀಸು. ಆಮೇಲೆ ಮೆಟ್ಟಿಲು, ಬೇರು, ಒದ್ದೆ ಕಲ್ಲು, ಮತ್ತೆ ಮೆಟ್ಟಿಲು. ನಮ್ಮ ಗುಂಪಿನಲ್ಲಿ ಊರುಗೋಲು ಹಿಡಿದ ಎಪ್ಪತ್ತೈದರ ಹಿರಿಯರೊಬ್ಬರು ಇದ್ದರು, ಪಾಪ, ಆಪ್‌ನಲ್ಲಿ ಓದಿಕೊಂಡೇ ಬಂದಿದ್ದರು. ಅವರ ತಪ್ಪೇನೂ ಇಲ್ಲ. ಎಷ್ಟು ಮೆಟ್ಟಿಲು, ಎಷ್ಟು ಏರು ಅಂತ ಒಂದು ಸಾಲು ಬರೆಯಲು ಏನು ಕಷ್ಟ?

ಈಗ ಒಳ್ಳೇದನ್ನು ಹೇಳುತ್ತೇನೆ, ಅದೇ ಜಾಸ್ತಿ ಇದೆ.

ನಾನು ಹೊಸನಗರದ ಕಡೆಯವಳು. ಮಳೆ, ಕಾಡು, ಹಾವಸೆ ಎಲ್ಲ ನೋಡಿಯೇ ಬೆಳೆದದ್ದು. ಮಳೆಕಾಡು ನನಗೇನು ತೋರಿಸುತ್ತಾರೆ ಅಂತ ಒಳಗೊಳಗೇ ಜಂಬ ಇತ್ತು. ಗೈಡ್ ದಾರಿ ಶುರುವಿನಲ್ಲೇ ಒಂದು ಕಲ್ಲಿನ ಮುಂದೆ ಕೂತಳು. ಎಲ್ಲರೂ ಕೂರಿ ಅಂದಳು. ಬೂದು ಬಣ್ಣದ ಕಲ್ಲು, ಮೇಲೆ ಉದ್ದುದ್ದ ಗೀರು. ಹಿಮನದಿ ಹೊಟ್ಟೆಯಡಿ ಕಲ್ಲು ಸಿಕ್ಕಿಸಿಕೊಂಡು ಎಳೆದುಕೊಂಡು ಹೋಗುವಾಗ ಉಜ್ಜಿದ ಗುರುತು. ಆ ಗೀರಿನ ಪಕ್ಕದಲ್ಲಿ ಕಾಸಿನಗಲ ಕಲ್ಲುಹೂವು. ಮಂಜು ಹಿಂದೆ ಸರಿದ ಜಾಗಕ್ಕೆ ಮೊದಲು ಬರುವವರಲ್ಲಿ ಇದೂ ಒಂದು ಅಂದಳು. ಇದರ ಜಾತಿಯದ್ದನ್ನು ನಾವು ಮಸಾಲೆಗೆ ಹುರಿದು ಹಾಕುತ್ತೇವೆ ಅಂದೆ. ಆಕೆಗೆ ನಂಬಿಕೆಯೇ ಬರಲಿಲ್ಲ. ಫೋನಿನಲ್ಲಿ ಮಸಾಲೆ ಅಂಗಡಿಯ ಫೋಟೋ ತೋರಿಸಬೇಕು ಅಂತ ಹುಡುಕಿದರೆ ಸಿಗ್ನಲ್ ಇಲ್ಲ.

ಅಲ್ಲಿಂದ ಮೇಲೆ ಹೋದ ಹಾಗೆ ಕಾಡಿಗೆ ವಯಸ್ಸಾಗುತ್ತಾ ಹೋಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. 1700ರ ಮಧ್ಯಭಾಗದಲ್ಲಿ ಈ ಹಿಮನದಿ ತುಂಬಾ ಮುಂದೆ ಬಂದಿತ್ತಂತೆ, ಆಮೇಲೆ ಹಿಂದೆ ಹಿಂದೆ ಸರಿಯಿತು. ಅದು ಬಿಟ್ಟುಕೊಟ್ಟ ನೆಲದಲ್ಲಿ ಮೊದಲು ಕಲ್ಲುಹೂವು, ಹಾವಸೆ, ಆಮೇಲೆ ಆಲ್ಡರ್ ಅನ್ನುವ ಕುಳ್ಳ ಮರ. ಅದರ ಬೇರು ಕೆದಕಿ ಗಂಟು ತೋರಿಸಿದಳು, ನಮ್ಮ ಉದ್ದು, ಅಲಸಂದೆ ಬೇರಿನಲ್ಲಿ ಇರುತ್ತದಲ್ಲ, ಆ ಥರ. ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುವುದು ಅದೇ. ಗೊಬ್ಬರ ಆದ ಮೇಲೆ ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರ ಬರುತ್ತದೆ, ಅದರ ನೆರಳಿನಲ್ಲಿ ಹೆಮ್‌ಲಾಕ್ ಅನ್ನುವ ಇನ್ನೊಂದು ಮರ. ಒಂದು ಕಡೆ ನಿಲ್ಲಿಸಿ, ಇಲ್ಲಿ ನೋಡಿ, ಇದೇ ಗೆರೆ ಅಂದಳು. ಕೆಳಗಡೆ ಎಲ್ಲ ಒಂದೇ ಎತ್ತರದ ಸಣ್ಣ ಮರ, ಬೆಳಕು ಜಾಸ್ತಿ. ಗೆರೆಯ ಮೇಲೆ ಇದ್ದಕ್ಕಿದ್ದ ಹಾಗೆ ಕತ್ತಲು, ದಪ್ಪ ಮರ, ಬಿದ್ದ ಮರದ ಮೇಲೆ ಸಾಲಾಗಿ ಎದ್ದ ಮರಿ ಮರ, ಮೊಣಕೈ ಮುಳುಗುವಷ್ಟು ಹಾವಸೆ. ಆ ಹಿಮನದಿ ಇಲ್ಲಿಯವರೆಗೆ ಬಂದು, ಇಲ್ಲಿಂದ ಮೇಲೆ ಹತ್ತದೆ ವಾಪಸ್ ಹೋಗಿತ್ತು. ನಾನು ಗೆರೆಯ ಆಕಡೆ ಒಂದು ಕಾಲು, ಈಕಡೆ ಒಂದು ಕಾಲು ಇಟ್ಟುಕೊಂಡು ನಿಂತೆ. ಮಗಳು ಫೋಟೋ ತೆಗೆದಳು, ರಬ್ಬರ್‌ಬ್ಯಾಂಡ್ ಹಾಕಿದ ಪ್ಯಾಂಟು ಸಮೇತ.

ಇಷ್ಟು ದಟ್ಟ ಕಾಡಾದರೂ ಒಂದು ಉಂಬಳ ಇಲ್ಲ! ನಾನು ಅಭ್ಯಾಸಕ್ಕೆ ಹತ್ತು ಹೆಜ್ಜೆಗೊಂದು ಸಲ ಬೂಟು ನೋಡಿಕೊಳ್ಳುತ್ತಿದ್ದೆ. ಸೊಳ್ಳೆ ಮಾತ್ರ ಇದೆ.

ಮಳೆ ನೀರು ನಿಂತ ಒಂದು ತಗ್ಗಿನಲ್ಲಿ ಮೊಣಕಾಲುದ್ದದ ಎಲೆ ಕಂಡಿತು. ಅರೆ, ಕೆಸು ಅಲ್ವಾ ಅಂದೆ. ಸ್ಕಂಕ್ ಕ್ಯಾಬೇಜ್ ಅಂದಳು. ಎಲೆ ಹಿಸುಕಿ ಮೂಸಿ ನೋಡಿದರೆ ಗಬ್ಬು ವಾಸನೆ. ಕೆಸುವಿನ ಕುಟುಂಬದ್ದೇ ಅದು. ಹಸಿ ತಿಂದರೆ ಬಾಯಿ ಗಂಟಲೆಲ್ಲ ಸೂಜಿ ಚುಚ್ಚಿದ ಹಾಗಾಗುತ್ತದೆ ಅಂದಳು, ಹುಣಸೆಹುಳಿ ಹಾಕಿದರೆ ಆಗುವುದಿಲ್ಲ ಅಂತ ಬಾಯಿಗೆ ಬಂತು, ತಡೆದುಕೊಂಡೆ. ಯಾರಾದರೂ ಪತ್ರೊಡೆ ಮಾಡಲು ಹೋದರೆ ಪಾಪ ನನಗೆ. ಚಳಿಗಾಲ ಪೂರ್ತಿ ಮಲಗಿ ಎದ್ದ ಕರಡಿ ಹೊಟ್ಟೆ ಸಡಿಲ ಮಾಡಿಕೊಳ್ಳಲು ಇದನ್ನು ತಿನ್ನುತ್ತದಂತೆ. ಹೋಗಲಿ, ಔಷಧಿ ಗೊತ್ತಿದೆ ಅದಕ್ಕೂ.

ಯಜಮಾನರ ಕಥೆ ಇಲ್ಲೇ ನಡೆದದ್ದು. ಡೆವಿಲ್ಸ್ ಕ್ಲಬ್ ಅಂತ ಒಂದು ಗಿಡ ಇದೆ, ಅಂದರೆ ಸೈತಾನನ ದೊಣ್ಣೆ. ಅಗಲ ಎಲೆ, ನೋಡಲು ತುಂಬಾ ಚೆಂದ, ಕಾಂಡದ ತುಂಬಾ ಕೂದಲಿನಷ್ಟು ಸಣ್ಣ ಮುಳ್ಳು. ಮುಟ್ಟಬೇಡಿ ಅಂತ ಗೈಡ್ ಮೂರು ಸಲ ಹೇಳಿದ್ದಳು. ಇವರು ಕೈಗವಸು ತೆಗೆದು ಫೋನಿನಲ್ಲಿ ವಿಡಿಯೋ ಮಾಡುತ್ತಾ ಇಳಿಯುತ್ತಿದ್ದರು. ಒದ್ದೆ ಬೇರಿನ ಮೇಲೆ ಕಾಲು ಜಾರಿತು. ಆಸರೆಗೆ ಹಿಡಿದದ್ದು ಅದನ್ನೇ. ಗಟ್ಟಿಯಾಗಿ ಹಿಡಿದರು. ಒಂದು ಕೂಗು ಹಾಕಿದರು ನೋಡಿ, ಅಲ್ಲಿಯವರೆಗೂ ಕರಡಿಗೆ ನಾವು ಬರುತ್ತಿದ್ದೇವೆ ಅಂತ ಗೊತ್ತಾಗಲಿ ಅಂತ ಎಲ್ಲರೂ 'ಹೇ ಬೇರ್' ಅಂತ ಕೂಗಿಕೊಂಡು ಬಂದದ್ದೆಲ್ಲ ಇದರ ಮುಂದೆ ಏನೂ ಅಲ್ಲ. ಗೈಡ್ ಚೀಲದಿಂದ ಚಿಮಟ ತೆಗೆದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಅಂಗೈಯಿಂದ ಹದಿನೇಳು ಮುಳ್ಳು ಕಿತ್ತಳು. ಕೀಳುತ್ತಾ, ಇಲ್ಲಿಯ ಮೂಲ ನಿವಾಸಿಗಳಾದ ಕ್ಲಿಂಕಿಟ್ ಜನ ಇದೇ ಗಿಡದ ತೊಗಟೆಯನ್ನು ಔಷಧಿಗೆ ಬಳಸುತ್ತಾರೆ ಅಂತ ವಿವರಿಸಿದಳು. ಇವರಿಗೆ ಆ ಹೊತ್ತಿನಲ್ಲಿ ಅದು ಬೇಕಿರಲಿಲ್ಲ.

ಕರಡಿ ನೋಡಿದಿರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಕರಡಿಯ ಹಿಕ್ಕೆ ನೋಡಿದೆವು, ಮರದ ಮೇಲೆ ಉಗುರಿನ ಗೆರೆ ನೋಡಿದೆವು, ಒಂದು ಮುಳ್ಳುಹಂದಿ ಗೊಣಗುತ್ತಾ ದಾರಿ ದಾಟಿತು. ಪಕ್ಕದ ಸ್ಟೀಪ್ ಕ್ರೀಕ್ ಅನ್ನುವ ಹಳ್ಳಕ್ಕೆ ಜುಲೈ ಮಧ್ಯದ ಮೇಲೆ ಸಾಲ್ಮನ್ ಮೀನು ಮೊಟ್ಟೆ ಇಡಲು ಹತ್ತಿ ಬರುತ್ತದೆ, ಅದನ್ನು ತಿನ್ನಲು ಕರಿ ಕರಡಿ ಬರುತ್ತದೆ. ಕರಡಿಯೇ ಬೇಕು ಅಂದರೆ ಜುಲೈ ಕೊನೆ, ಆಗಸ್ಟ್ ನೋಡಿಕೊಂಡು ಬುಕ್ ಮಾಡಿ. ಅಲ್ಲಿ ಹಲಗೆಯ ದಾರಿ ಇದೆ, ಹತ್ತುವುದೇ ಬೇಡ.

'ನಿರ್ಜನ ಕಾಡಿನ ಮೌನ' ಅಂತ ಆಪ್‌ನಲ್ಲಿ ಬರೆದಿದ್ದರು. ಅದು ಸುಳ್ಳು. ತಲೆ ಮೇಲೆ ಐದೈದು ನಿಮಿಷಕ್ಕೊಂದು ಹೆಲಿಕಾಪ್ಟರ್, ಹಿಮನದಿಯ ಮೇಲೆ ಜನರನ್ನು ಇಳಿಸಲು. ಹೊಟ್ಟೆಕಿಚ್ಚು ಅಂದುಕೊಳ್ಳಿ ಬೇಕಾದರೆ, ಆ ಟಿಕೆಟ್ಟಿನ ರೇಟು ನಮ್ಮ ಮೂರರಷ್ಟು ಇತ್ತು. ಆದರೆ ಹೆಮ್‌ಲಾಕ್ ಕಾಡಿನ ಒಳಗೆ ಹೋದ ಮೇಲೆ ಆ ಸದ್ದನ್ನೂ ಹಾವಸೆ ನುಂಗಿಬಿಡುತ್ತದೆ. ಗೈಡ್ ಎರಡು ನಿಮಿಷ ಯಾರೂ ಮಾತಾಡಬೇಡಿ ಅಂದಳು. ಹನಿ ಬೀಳುವ ಸದ್ದು, ಎಲ್ಲೋ ದೂರದಲ್ಲಿ ನೀರು. ಒಂದು ಹಕ್ಕಿ ಸಣ್ಣ ಪೀಪಿ ಊದಿದ ಹಾಗೆ ಒಂದೇ ಸ್ವರ ಎಳೆದು ನಿಲ್ಲಿಸುತ್ತಿತ್ತು. ಎರಡು ನಿಮಿಷ ಆದ ಮೇಲೂ ಯಾರೂ ಬಾಯಿ ತೆಗೆಯಲಿಲ್ಲ. ಇವರೂ ಅಂಗೈ ನೋಡಿಕೊಳ್ಳುತ್ತಾ ಸುಮ್ಮನೆ ನಿಂತಿದ್ದರು.

ಹಿಮನದಿ ಕೊನೆಗೆ ಕಂಡಿತು. ಮರದ ನಡುವಿನಿಂದ ತಣ್ಣನೆ ಗಾಳಿ ಮೊದಲು ಬಂತು, ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ. ಆಮೇಲೆ ನೀಲಿ. ಮೋಡ ಕವಿದಿದ್ದರೆ ಆ ನೀಲಿ ಇನ್ನೂ ಗಾಢವಾಗಿ ಕಾಣುತ್ತದೆ, ಹಾಗಾಗಿ ಮಳೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಒತ್ತಿ ಒತ್ತಿ ಗಾಳಿಯೆಲ್ಲ ಹೋದ ಮಂಜು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಬಿಡುತ್ತದೆ. ಸುಮಾರು 21 ಕಿಲೋಮೀಟರ್ ಉದ್ದ ಇದೆ, ನಮಗೆ ಕಾಣುವುದು ಮೂತಿ ಮಾತ್ರ. ಮುಂದಿರುವ ದೊಡ್ಡ ಸರೋವರ ನಮ್ಮ ಅಜ್ಜನ ಕಾಲದಲ್ಲಿ ಇರಲೇ ಇಲ್ಲ, 1929ರ ಸುಮಾರಿಗೆ ಮಂಜು ಸರಿದಾಗ ಆಗಲು ಶುರುವಾದದ್ದು. ಅಲ್ಲಿಯ ಸಂದರ್ಶಕರ ಕೇಂದ್ರ 1962ರದ್ದು, ಹಿಮನದಿ ಹತ್ತಿರದಿಂದ ಕಾಣಲಿ ಅಂತ ಕಟ್ಟಿದ್ದು. ಈಗ ಅದರ ಕಿಟಕಿಯಿಂದ ನೋಡಿದರೆ ಸರೋವರದ ಆಚೆ ದಡದಲ್ಲಿದೆ. 2050ರ ಹೊತ್ತಿಗೆ ಈ ಕಿಟಕಿಯಿಂದ ಕಾಣಲಿಕ್ಕಿಲ್ಲ ಅಂತಾರೆ ಅಂದಳು ಗೈಡ್. ಅಳಿಯ, ನಾವು ಬಂದ ಹಡಗೂ ಎಣ್ಣೆ ಸುಟ್ಟುಕೊಂಡೇ ಬಂದದ್ದಲ್ವಾ ಅತ್ತೆ ಅಂದ. ಹೌದು ಅಂದೆ. ಏನು ಹೇಳುವುದು?

ಈಗ ಆ ಮುಕ್ಕಾಲು ಗಂಟೆ. ನಗೆಟ್ ಜಲಪಾತದ ಬುಡದವರೆಗೆ ಕರೆದುಕೊಂಡು ಹೋಗುವುದು ಪಟ್ಟಿಯಲ್ಲಿತ್ತು. 377 ಅಡಿ ಎತ್ತರ, ನೀರು ಸೀದಾ ಸರೋವರಕ್ಕೆ ಬೀಳುತ್ತದೆ. ಬಸ್ ತಡವಾಗಿತ್ತು, ಊರುಗೋಲಿನ ಹಿರಿಯರಿಗೆ ಕಾಯಬೇಕಾಯಿತು, ಮುಳ್ಳು ಕೀಳಲು ಹದಿನೈದು ನಿಮಿಷ ಹೋಯಿತು (ಇದು ನಮ್ಮ ಲೆಕ್ಕಕ್ಕೆ, ಒಪ್ಪಿಕೊಳ್ಳುತ್ತೇನೆ). ಕೊನೆಗೆ ಜಲಪಾತವನ್ನು ದೂರದಿಂದಲೇ ಬೆರಳು ಮಾಡಿ ತೋರಿಸಿದರು. ಅಲ್ಲಿಗೆ ಹೋಗಿ ಬರಲು ಮೂರು ಕಿಲೋಮೀಟರ್ ಚಿಲ್ಲರೆ, ದಾರಿ ಸಮತಟ್ಟು, ಗೈಡ್ ಬೇಡವೇ ಬೇಡ. ಹಡಗು ಏರಿದ ಮೇಲೆ ಟೂರ್ ಡೆಸ್ಕಿನಲ್ಲಿ ಕೇಳಿದೆ. ಬಸ್ಸು ನಮ್ಮದಲ್ಲ, ಊರಿನ ಕಂಪನಿಯದ್ದು ಅಂದರು. ದುಡ್ಡು ತೆಗೆದುಕೊಂಡವರು ನೀವು ತಾನೇ ಅಂದೆ. ಎರಡು ದಿನ ಬಿಟ್ಟು ಒಬ್ಬೊಬ್ಬರಿಗೆ ಇಪ್ಪತ್ತು ಡಾಲರ್ ಹಡಗಿನ ಖಾತೆಗೆ ಹಾಕಿದರು. ಕೇಳದೆ ಸುಮ್ಮನಿದ್ದವರಿಗೆ ಅದೂ ಇಲ್ಲ. ಕೇಳಿ.

ಐದಕ್ಕೆ ಎಷ್ಟು ಕೊಡುತ್ತೀರಿ ಅಂದರೆ ಗೈಡ್‌ಗೆ ಐದು. ದಾರಿಗೆ ನಾಲ್ಕೂವರೆ. ವ್ಯವಸ್ಥೆಗೆ ಎರಡು, ಅದರಲ್ಲೂ ಅರ್ಧ ಆ ಇಪ್ಪತ್ತು ಡಾಲರಿಗೆ.

ದುಡ್ಡು ಉಳಿಸಬೇಕಾದವರಿಗೆ: ನಾವು ಹೋದಾಗ ಊರಿನ ಸಿಟಿ ಬಸ್ಸಿಗೆ ಎರಡು ಡಾಲರ್ ಇತ್ತು. ಅದು ಹಿಮನದಿಯವರೆಗೆ ಹೋಗುವುದಿಲ್ಲ, ಇಳಿದು ಎರಡೂವರೆ ಕಿಲೋಮೀಟರ್ ರಸ್ತೆಯಲ್ಲಿ ನಡೆಯಬೇಕು. ಬಂದರಿನಿಂದ ನೇರ ಷಟಲ್ ಬಸ್ಸೂ ಇವೆ, ರೇಟು ಜಾಸ್ತಿ. ಹಡಗು ಹೊರಡುವ ಅರ್ಧ ಗಂಟೆ ಮೊದಲೇ ಒಳಗಿರಬೇಕು, ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ, ಗಡಿಯಾರ ಹಡಗಿನ ಸಮಯಕ್ಕೆ ಸರಿ ಇದೆಯಾ ಅಂತ ಇಳಿಯುವಾಗಲೇ ನೋಡಿಕೊಳ್ಳಿ. ಬೆಳಕು ನಂಬಿಕೊಂಡು ಕೂರಬೇಡಿ, ಜುಲೈನಲ್ಲಿ ರಾತ್ರಿ ಹತ್ತಕ್ಕೂ ಅಲ್ಲಿ ಸಂಜೆಯ ಹಾಗೇ ಇರುತ್ತದೆ. ಮಳೆಯಂಗಿ ನಿಮ್ಮದೇ ಒಯ್ಯಿರಿ. ಕಾಟನ್ ಪ್ಯಾಂಟು ಬೇಡ. ಕೈಗವಸು ತೆಗೆಯಬೇಡಿ.

ಹದಿನೇಳು ಅಂತ ಗೈಡ್ ಎಣಿಸಿದ್ದಳು. ಹದಿನೆಂಟನೆಯದು ರೆಡ್ಮಂಡ್‌ಗೆ ಬಂದು ಎಂಟು ದಿನಕ್ಕೆ, ಚಪಾತಿ ಹಿಟ್ಟು ನಾದುವಾಗ ತಾನಾಗೇ ಹೊರಗೆ ಬಂತು. ಹಿಟ್ಟು ನಾದುತ್ತಿದ್ದದ್ದು ಇವರೇ. ಅದನ್ನು ಒಂದು ಕಾಗದದಲ್ಲಿ ಮಡಚಿ ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಂಡಿದ್ದಾರೆ.